ರಾಣಿಯ ಸೀರೆ ಯಾವ ಬಣ್ಣದ್ದು?

ಕಲಬುರಗಿಯ ಬಿಸಿಲಲ್ಲಿ ಹೊರಗೆ ಕಾಲಿಡುವ ಧೈರ್ಯವಿಲ್ಲದ ನಾನು, ಶೌರ್ಯದ ಪಾಠ ಹೇಳಲೆಂದು ಹನ್ನೊಂದರ ಮಗಳನ್ನು ಟಿವಿ ಮುಂದೆ ಕೂರಿಸಿ 1961ರ ‘ಕಿತ್ತೂರು ಚೆನ್ನಮ್ಮ’ ಹಾಕಿದೆ. ಕುದುರೆಯೇರಿದ ಬಿ. ಸರೋಜಾದೇವಿಯನ್ನು ಕಂಡು ನನಗೆ ಮೈ ಜುಮ್ಮೆಂದರೆ, ಇವಳದು ಬೇರೆಯದೇ ಚಿಂತೆ. “ಪಪ್ಪಾ, ರಾಣಿ ಸೀರಿ ಯಾವ ಬಣ್ಣದ್ದು?” ಕಪ್ಪು-ಬಿಳುಪಿಗೆ ನಾನೇನು ಹೇಳಲಿ? ಬಾಯಿ ಮುಚ್ಚಿಸಲು ಕಮಲಾಪುರದ ಕೆಂಬಾಳೆ ಕೊಟ್ಟೆ. ಅರ್ಧ ನುಂಗಿ, “ಈ ಬಣ್ಣದ್ದೇನು?” ಎಂದಳು.

ತೋಪು ಕಂಡರೆ ತಾತ್ಸಾರ: “ಇಷ್ಟ ಸಣ್ದಾ? ನಮ್ಮ ಕಿಲ್ಲಾದಾಗಿಂದು 29 ಫೂಟ್ ಅದ ಅಂತಾರ!” 1824ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತನೆಂದು ಗಂಟಲು ಉಬ್ಬಿಸಿ ವಿವರಿಸಿದೆ. ಮಗಳ ಮುಖ ಸಪ್ಪಗಾಯಿತು. “ಕಲೆಕ್ಟರ್ ಸತ್ರ ಮಳಿ ಬಂದಾಗ ಸಾಲಿಗಿ ಸೂಟಿ ಯಾರ್ ಕೊಡ್ತಾರ?”

ಬ್ರಿಟಿಷರ ಪರ ಮೊದಲ ಕಣ್ಣೀರು ನಮ್ಮ ಮನೆಯಲ್ಲೇ ಬೀಳುವುದರಲ್ಲಿತ್ತು.

ಮುಂದಿನ ರಜೆಗೆ ರಾಜಕುಮಾರ್ ಅವರ ‘ಇಮ್ಮಡಿ ಪುಲಿಕೇಶಿ’ ನೋಡೋಣವೆಂದೆ. ತಕ್ಷಣ ತಕರಾರು ಬಂತು: “ಪಾರ್ಟ್ ಒನ್ ನೋಡದೇ ಪಾರ್ಟ್ ಟೂ ಹ್ಯಾಂಗ ತಿಳೀತದ ಪಪ್ಪಾ?”