ಎಮ್ಮಿಗನೂರು ಸೀಮೆಯ ಅನುದಾನ ಕಲೆ: ಒಂದು ಮೀಮಾಂಸೆ

ಪ್ರಸ್ತುತ ಪ್ರಬಂಧವು ಎಮ್ಮಿಗನೂರು ಸೀಮೆಯಲ್ಲಿ ಜೀವಂತವಾಗಿದ್ದೂ ವಿದ್ವಾಂಸರ ಅವಗಣನೆಗೆ ತುತ್ತಾದ ಒಂದು ಕಲೆಯನ್ನು ಕುರಿತದ್ದು. ಈ ಭಾಗದ ದೊಡ್ಡಾಟದ ಮೇಲೆ, ತೊಗಲುಗೊಂಬೆಯಾಟದ ಮೇಲೆ, ಬುರ್ರಕಥೆಯ ಮೇಲೆ ಬೇಕಾದಷ್ಟು ಬರೆದವರಿದ್ದಾರೆ. ಈ ಮೂರನ್ನೂ ಬದುಕಿಸುತ್ತದೆಂದು ನಂಬಲಾದ, ಅನುದಾನಕ್ಕೆ ಅರ್ಜಿ ಬರೆಯುವ ಕಲೆಯ ಬಗ್ಗೆ ಮಾತ್ರ, 1991ರಿಂದ ಮಗ್ಗುಲಲ್ಲೇ ಕನ್ನಡ ವಿಶ್ವವಿದ್ಯಾಲಯ ಇದ್ದರೂ, ಒಂದು ಅಧ್ಯಾಯವೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಮೊದಲಿಗೆ ಸ್ಥಳನಿರ್ಣಯ. ಇಲ್ಲಿನ ಎಮ್ಮಿಗನೂರು ಬಳ್ಳಾರಿ ಜಿಲ್ಲೆ ಕಂಪ್ಲಿ ತಾಲ್ಲೂಕಿನದು. ಕರ್ನೂಲು ಜಿಲ್ಲೆಯಲ್ಲಿ ನೇಕಾರಿಕೆಗೆ ಹೆಸರಾದ ಎಮ್ಮಿಗನೂರು ಬೇರೆ. ಆ ಕಡೆಯವರು ಈ ಪ್ರಬಂಧದಿಂದ ನೊಂದುಕೊಳ್ಳಬೇಕಾಗಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪಿ ಅತ್ತ ಹೋದವು. ಕಂಪ್ಲಿ, ಸಂಡೂರು ಇತ್ತ ಉಳಿದವು. ಹೀಗಾಗಿ ವಿರೂಪಾಕ್ಷ ಒಂದು ಜಿಲ್ಲೆಯಲ್ಲಿ, ಅವನ ಮುಂದೆ ಕುಣಿಯುವವನ ಕಡತ ಇನ್ನೊಂದು ಜಿಲ್ಲೆಯಲ್ಲಿ.

ಇನ್ನು ಪ್ರಾಚೀನ ಆಕರಗಳು. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ, ಎಂದರೆ 1509-10ರ ಸುಮಾರಿನ ಶಾಸನವಿದೆ. ದೇವರ ನೈವೇದ್ಯಕ್ಕೆ ಸಿಂಗನಾಯಕನಹಳ್ಳಿಯನ್ನು ಬಿಟ್ಟದ್ದು, ಗುಡಿಗೆ ರಂಗಮಂಟಪ ಕಟ್ಟಿಸಿದ್ದು ಅದರಲ್ಲಿ ದಾಖಲಾಗಿದೆ. ಆಡಳಿತಾತ್ಮಕವಾಗಿ ಪರಿಶೀಲಿಸಿದರೆ ಈ ದಾಖಲೆ ತೀರ ದುರ್ಬಲ. ಮಂಟಪಕ್ಕೆ ಮೂರು ದರಪಟ್ಟಿ ತರಿಸಿದ ಬಗ್ಗೆ ಮಾಹಿತಿಯಿಲ್ಲ. ಕಾಮಗಾರಿಯ ಮೊದಲಿನ ಮತ್ತು ನಂತರದ ಫೋಟೊಗಳನ್ನು ಲಗತ್ತಿಸಿಲ್ಲ. ಮಂಟಪ ಇಂದಿಗೂ ನಿಂತಿದೆ ಎಂಬುದೊಂದೇ ಪುರಾವೆ. ಲೆಕ್ಕಪರಿಶೋಧಕರು ಇಂಥ ಪುರಾವೆಯನ್ನು ಒಪ್ಪುವುದಿಲ್ಲ.

ಆ ಕಾಲದ ದಾನಶಾಸನಗಳಲ್ಲಿ ಸೂರ್ಯಚಂದ್ರರೇ ಸಾಕ್ಷಿ. ಅವರ ಆಧಾರ್ ಸಂಖ್ಯೆ ನಮೂದಿಸಿಲ್ಲ. ಕೊನೆಯಲ್ಲಿ ಶಾಪವಿರುತ್ತದೆ: ಕೊಟ್ಟ ದತ್ತಿಯನ್ನು ಕಿತ್ತುಕೊಂಡವನು 60,000 ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ. ವಿದ್ವಾಂಸರು ಇದನ್ನು ಬರೀ ಸಂಪ್ರದಾಯವೆಂದು ಪಕ್ಕಕ್ಕಿಟ್ಟಿದ್ದಾರೆ. ನಮ್ಮ ಮತದಲ್ಲಿ ಅನುದಾನದ ಇತಿಹಾಸದ ಕೀಲಿಕೈ ಇಲ್ಲೇ ಇದೆ. ಆಗ ಶಾಪವಿದ್ದದ್ದು ಕೊಟ್ಟದ್ದನ್ನು ಕಸಿಯುವವನ ಮೇಲೆ. ಈಗ ಷರತ್ತೆಲ್ಲ ಪಡೆಯುವವನ ಮೇಲೆ. ಹಣ ಬಳಕೆ ಪ್ರಮಾಣಪತ್ರ ಕೊಡದವನಿಗೆ ಮುಂದಿನ ಕಂತಿಲ್ಲ. ಕಂತನ್ನೇ ಕೊಡದವನಿಗೆ ಯಾವ ಹುಳುವಿನ ಜನ್ಮವೂ ಇಲ್ಲ. ಕೇಂದ್ರದ ಅನುದಾನಕ್ಕೆ ಈ ಪ್ರಮಾಣಪತ್ರದ ನಮೂನೆಯ ಹೆಸರು ಜಿಎಫ್‌ಆರ್ 12-ಎ. ಹೆಸರಿನಲ್ಲೇ ಬೀಜಾಕ್ಷರ ಮಂತ್ರದ ಗಾಂಭೀರ್ಯವಿದೆ.

ಇನ್ನೊಂದು ಆಕರ ಮಾಚುಪಲ್ಲಿ ಕೈಫಿಯತ್ತು, ಎಂದರೆ ಆ ಊರಿನ ಹಳೆಯ ವೃತ್ತಾಂತದ ದಾಖಲೆ. 1502ರ ಹೊತ್ತಿಗೆ ಕೂಚಿಪೂಡಿಯ ಆಟದವರು ವಿಜಯನಗರಕ್ಕೆ ಬಂದು ವೀರನರಸಿಂಹನ ಮುಂದೆ ಒಂದು ಆಟ ಆಡಿ, ಸಿದ್ಧವಟದ ಸೀಮೆಯಲ್ಲಿ ಅವನ ಅಧಿಕಾರಿ ಜನರನ್ನು ಹಿಂಸಿಸಿ ಹಣ ಕೀಳುತ್ತಿದ್ದುದನ್ನೇ ಅಭಿನಯಿಸಿ ತೋರಿಸಿದರಂತೆ. ಅರಸು ವಿಚಾರಿಸಿ ಅಧಿಕಾರಿಗೆ ಶಿಕ್ಷೆ ಕೊಡಿಸಿದನಂತೆ. ಅದೇ ಆಟವನ್ನು ಈಗ ಅರ್ಜಿಯ ‘ಕಾರ್ಯಕ್ರಮದ ಸಂಕ್ಷಿಪ್ತ ವಿವರ’ ಎಂಬ ಕಾಲಮ್ಮಿನಲ್ಲಿ ಬರೆಯುವ ಗಟ್ಟಿಗ ಮೇಳದವನು ನಮಗೆ ಇನ್ನೂ ಸಿಕ್ಕಿಲ್ಲ. ಈಗ ಆ ಕಾಲಮ್ಮಿನಲ್ಲಿ ಎಲ್ಲರೂ ‘ನಾಡು ನುಡಿಯ ಸೇವೆ’ ಎಂದೇ ಬರೆಯುತ್ತಾರೆ. ಪಾಠಾಂತರ: ‘ನಾಡು, ನುಡಿ, ನೆಲ, ಜಲದ ಸೇವೆ’.

ಈಗ ಅರ್ಜಿಯ ಅಂಗಾಂಗ ವಿಚಾರ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ನೋಂದಣಿಯಾಗದ ಕಲೆ ಕಲೆಯಲ್ಲ. ಬೈಲಾ ಬೇಕು, ನವೀಕರಣ ಬೇಕು, ಲೆಕ್ಕಪರಿಶೋಧನಾ ವರದಿ ಬೇಕು. ನಾಲ್ಕು ತಲೆಮಾರಿನಿಂದ ಮದ್ದಲೆ ಬಾರಿಸುತ್ತ ಬಂದ ಮನೆಯವನಿಗೂ ಕಾರ್ಯದರ್ಶಿಯ ಸೀಲು ಇರಲೇಬೇಕು. ಸಂಡೂರು ತಾಲ್ಲೂಕಿನ ಬುರ್ರಕಥೆ ಕಲಾವಿದೆ ದರೋಜಿ ಈರಮ್ಮ ಅಕ್ಷರ ಕಲಿಯದೆಯೇ ಹತ್ತಾರು ಮಹಾಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದರು. ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು, ಅವರು 2014ರಲ್ಲಿ ತೀರಿಕೊಂಡರು. ಅಷ್ಟೂ ಕಾವ್ಯ ಅವರ ತಲೆಯಲ್ಲಿತ್ತು ಎಂಬುದು ನಿಜ, ಆದರೆ ತಲೆಯನ್ನು ಪಿಡಿಎಫ್ ಮಾಡಿ ಅಪ್‌ಲೋಡ್ ಮಾಡಲು ಬರುವುದಿಲ್ಲ.

ಅರ್ಜಿಯ ಆತ್ಮ ಫೋಟೊ. ಇದನ್ನು ತುಸು ಹತ್ತಿರದಿಂದ ನೋಡಬೇಕು. ಆಟ ಶುರುವಾಗುವ ಮೊದಲು ಉದ್ಘಾಟನೆ; ದೀಪ ಬೆಳಗುವ ಕೈಗಳು ಐದು, ಬತ್ತಿ ಒಂದು. ಹಿಂದೆ ಫ್ಲೆಕ್ಸು. ಅದರಲ್ಲಿ ಅನುದಾನ ಕೊಡುವ ಇಲಾಖೆಯ ಹೆಸರು, ಸಂಘದ ಹೆಸರು, ದಿನಾಂಕ, ಸ್ಥಳ ಕಾಣಬೇಕು. ಭೀಮನ ಪಾತ್ರಧಾರಿ ಕಿರೀಟ ಇಟ್ಟು ಎದ್ದು ನಿಂತರೆ ಇಲಾಖೆಯ ಹೆಸರು ಮರೆಯಾಗುತ್ತದೆ. ಆಗ ಛಾಯಾಗ್ರಾಹಕ, “ಭೀಮಣ್ಣ, ಸ್ವಲ್ಪ ಕುಂದ್ರಪ್ಪ, ಬೋರ್ಡ್ ಕಾಣವಲ್ದು” ಎನ್ನುತ್ತಾನೆ. ಭೀಮ ಗದೆ ಮಡಿಲಲ್ಲಿಟ್ಟುಕೊಂಡು ಕೂರುತ್ತಾನೆ. ಕೌರವರ ನೂರು ಮಂದಿಯಿಂದ ಆಗದ ಕೆಲಸ ಇದು. ಮೂರು ಫೋಟೊ ಆದ ಮೇಲೆ ಉಳಿದ ರಾತ್ರಿಯ ಆಟ, ಶಾಸ್ತ್ರದೃಷ್ಟಿಯಿಂದ, ಅನಗತ್ಯ. ಜನ ಕೂತಿದ್ದಾರೆಂಬ ಮುಲಾಜಿಗೆ ಬೆಳಗಿನವರೆಗೆ ಆಡುತ್ತಾರೆ.

ಕಾಲನಿರ್ಣಯದ ವಿಷಯದಲ್ಲಿ ಗೊಂದಲವಿಲ್ಲ. ಅನುದಾನ ಪಂಚಾಂಗದ ಯುಗಾದಿ ಏಪ್ರಿಲ್ 1, ಮಹಾನವಮಿ ಮಾರ್ಚ್ 31. ಇಡೀ ವರ್ಷ ಮಲಗಿದ್ದ ಕಡತಗಳು ಮಾರ್ಚ್‌ನಲ್ಲಿ ಎದ್ದು ಓಡಾಡುತ್ತವೆ. ಹಂಪಿ ಉತ್ಸವದ ಚಲನೆಯನ್ನೂ ಗಮನಿಸಬೇಕು: ಹಿಂದೆ ನವೆಂಬರ್ ಮೊದಲ ವಾರದಲ್ಲಿ ನಡೆಯುತ್ತಿದ್ದುದು 2023ರಲ್ಲಿ ಜನವರಿ ಕೊನೆಗೆ, 2024ರಲ್ಲಿ ಫೆಬ್ರವರಿ ಮೊದಲಿಗೆ, 2025ರಲ್ಲಿ ಫೆಬ್ರವರಿ 28ಕ್ಕೆ ಬಂದಿತ್ತು. ಇದು ಗ್ರಹಗತಿಯೋ ಆರ್ಥಿಕ ವರ್ಷದ ಗುರುತ್ವಾಕರ್ಷಣೆಯೋ ಎಂಬುದನ್ನು ಖಗೋಳಜ್ಞರಿಗೆ ಬಿಡುತ್ತೇವೆ.

ಹೊರದೇಶದ ತುಲನೆ ಇಲ್ಲದೆ ಪ್ರಬಂಧಕ್ಕೆ ತೂಕ ಬರುವುದಿಲ್ಲ. ಬ್ರಿಟನ್ನಿನ ಆರ್ಟ್ಸ್ ಕೌನ್ಸಿಲ್ ರೂಪಿಸಿದವರು ಅರ್ಥಶಾಸ್ತ್ರಜ್ಞ ಕೇನ್ಸ್. ಸರ್ಕಾರ ದುಡ್ಡು ಕೊಡಬೇಕು, ಆದರೆ ಕಲೆಯಿಂದ ಒಂದು ಮಾರು ದೂರ ನಿಲ್ಲಬೇಕು ಎಂಬುದು ಅಲ್ಲಿನ ತತ್ವ. ಕೇನ್ಸ್ 1946ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಸಂಸ್ಥೆಗೆ ರಾಜಸನ್ನದು ಸಿಕ್ಕಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಮಂಜೂರಾತಿ ಬರುವ ಮೊದಲೇ ಅರ್ಜಿದಾರ ಹೋಗಿಬಿಡುವ ಪರಂಪರೆ ನಮ್ಮದೊಂದೇ ಅಲ್ಲ ಎಂದು ಇದರಿಂದ ಸಿದ್ಧವಾಗುತ್ತದೆ. ನಮ್ಮಲ್ಲಿ ದೂರ ನಿಲ್ಲುವ ತತ್ವ ಇನ್ನೂ ಕಟ್ಟುನಿಟ್ಟಾಗಿದೆ. ದುಡ್ಡೇ ದೂರ ನಿಂತಿರುತ್ತದೆ.

ಹಾಗಾದರೆ ಆಟ ನಡೆಯುವುದು ಹೇಗೆ? ಇಲಾಖೆಯ ಪ್ರಾಯೋಜನೆಯಿಂದ ಎಂಬುದು ಪೂರ್ವಪಕ್ಷ. ಪ್ರಾಯೋಜನೆಯ ಹಣ ಬರುವುದು ಕಾರ್ಯಕ್ರಮ ಮುಗಿಸಿ ದಾಖಲೆ ಒಪ್ಪಿಸಿದ ಮೇಲೆ. ಶಾಮಿಯಾನದವನು, ಮೈಕಿನವನು, ಡ್ರೆಸ್ಸಿನವನು ಬರುವುದು ಮೊದಲು. ಈ ಎರಡರ ನಡುವಿನ ತಿಂಗಳುಗಳನ್ನು ತುಂಬುವ ಶಕ್ತಿಯೇ ಉದ್ರಿ. ಆದ್ದರಿಂದ ಸಿದ್ಧಾಂತ: ಈ ಸೀಮೆಯ ಕಲೆಯ ನಿಜವಾದ ಪೋಷಕ ಸರ್ಕಾರವಲ್ಲ, ಉದ್ರಿ ಕೊಟ್ಟವನು. ಬಡ್ಡಿ ಕಟ್ಟುವವನು ಕಲಾವಿದ. ಫ್ಲೆಕ್ಸಿನಲ್ಲಿ ಹೆಸರು ಇಲಾಖೆಯದು.

ಉದ್ರಿಗೆ ಹೆಗಲು ಕೊಡುವುದು ಮುಯ್ಯಿ. ಹಳ್ಳಿಯ ಆಟಗಳಲ್ಲಿ ಪಾತ್ರಧಾರಿಗಳೇ ಪಟ್ಟಿ ಹಾಕಿ ದುಡ್ಡು ಕೂಡಿಸುವ ರೂಢಿಯಿದೆ. ಜತೆಗೆ ನಂಟರ ಮುಯ್ಯಿ. ದುಶ್ಶಾಸನನ ಎದೆಗೆ ಗದೆ ಇಳಿಯಬೇಕು, ಅಷ್ಟರಲ್ಲಿ ಮೈಕಿನಲ್ಲಿ ಕೂಗು: “ಭೀಮನ ಪಾತ್ರಕ್ಕೆ ಅವರ ಮಾವನವರಿಂದ ಐನೂರಾ ಒಂದು ರೂಪಾಯಿ!” ಯುದ್ಧ ನಿಲ್ಲುತ್ತದೆ, ಭೀಮ ಕೈಮುಗಿದು ನೋಟು ತಗೊಳ್ಳುತ್ತಾನೆ, ಯುದ್ಧ ಮುಂದುವರಿಯುತ್ತದೆ. ಅರ್ಜಿ, ಮಂಜೂರಾತಿ, ಪಾವತಿ, ಲೆಕ್ಕಪರಿಶೋಧನೆ ಎಲ್ಲವೂ ಒಂದೇ ನಿಮಿಷದಲ್ಲಿ, ಊರೆಲ್ಲ ನೋಡುತ್ತಿರುವಾಗ. ಮಾವ ಮುಂದಿನ ವರ್ಷವೂ ಕೊಡುತ್ತಾನೆ, ಯಾಕೆಂದರೆ ಭೀಮ ಚೆನ್ನಾಗಿ ಕುಣಿದದ್ದನ್ನು ಅವನೇ ಕಂಡಿದ್ದಾನೆ. ಕಡತಕ್ಕೆ ಸಹಿ ಹಾಕುವವರು ಎಷ್ಟು ಮಂದಿ ಆಟ ನೋಡಿರುತ್ತಾರೆ ಎಂಬುದು ಮುಂದಿನ ಸಂಶೋಧಕರ ವಿಷಯ.

ವಿದ್ವತ್ತಿನ ಭಾಷೆ ಬಿಟ್ಟು ಒಂದು ಮಾತು. ಲೆಕ್ಕ ಕೇಳುವುದು ತಪ್ಪಲ್ಲ. ಸಾರ್ವಜನಿಕರ ಹಣ, ಹೆಸರಿಗಷ್ಟೇ ಇರುವ ಸಂಘಗಳೂ ಇವೆ, ಕೇಳಲೇಬೇಕು. ಆದರೆ ಅರ್ಧ ಹಣವನ್ನು ಆಟಕ್ಕೆ ಮುಂಚೆ ಕೊಡಿ. ಉಳಿದರ್ಧ ಕೊಡುವ ಮೊದಲು ಒಬ್ಬ ಗುಮಾಸ್ತರನ್ನಾದರೂ ಎಮ್ಮಿಗನೂರಿನ ಬಸ್ಸು ಹತ್ತಿಸಿ, ಬೆಳತನಕ ಕೂತು ಆಟ ನೋಡಿಕೊಂಡು ಬರಲಿ. ಅವರ ಬಸ್ ಚಾರ್ಜನ್ನು ಮೇಳದವರು ಉದ್ರಿ ತಂದಾದರೂ ಕೊಡುತ್ತಾರೆ.