‘ಅತಿ ಕಠಿಣ, ಆದರೆ ಫ್ಯಾಮಿಲಿ ಫ್ರೆಂಡ್ಲಿ’: ಪೋಸ್ಟರ್ ಬರೆದವರಿಗೊಂದು ಬಹಿರಂಗ ಪತ್ರ

ಮಾನ್ಯ ವಾರಾಂತ್ಯ ಚಾರಣದ ಆಯೋಜಕರಿಗೆ, ಅದರಲ್ಲೂ ನಿಮ್ಮ ಕಚೇರಿಯ ಏಸಿಯಲ್ಲಿ ಕುಳಿತು ಪೋಸ್ಟರ್ ಬರೆಯುವ ಪ್ರತಿಭಾವಂತರಿಗೆ,

ನಿಮ್ಮ ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಬೆಂಗಳೂರಿನ ಬಡಾವಣೆಗೊಬ್ಬರಂತೆ ನಿಮ್ಮಂಥವರು ಇರುವುದರಿಂದ ಈ ಪತ್ರ ಯಾರ ಕೈಗೆ ಸಿಕ್ಕರೂ ಸರಿಯಾದ ವಿಳಾಸಕ್ಕೇ ಮುಟ್ಟಿತು ಎಂದುಕೊಳ್ಳುತ್ತೇನೆ.

ನಿಮ್ಮ ಕುಮಾರ ಪರ್ವತದ ಪೋಸ್ಟರನ್ನು ಹೋಗುವ ಮುಂಚೆ ಓದಿದ್ದೆ, ಬಂದ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಮತ್ತೆ ಓದಿದೆ. ಎರಡನೇ ಓದಿನಲ್ಲೇ ಅದರ ಸಾಹಿತ್ಯಕ ಗುಣ ತಿಳಿಯುವುದು. “ಕರ್ನಾಟಕದ ಅತಿ ಕಠಿಣ ಚಾರಣ! ಬಿಗಿನರ್ಸ್ ಕೂಡ ಬರಬಹುದು! ಫ್ಯಾಮಿಲಿ ಫ್ರೆಂಡ್ಲಿ! ವಯಸ್ಸು 8ರಿಂದ 60!” ಈ ನಾಲ್ಕು ಮಾತುಗಳನ್ನು ಒಂದೇ ಚೌಕದೊಳಗೆ ಜಗಳವಾಡದಂತೆ ಕೂರಿಸಿದ್ದೀರಿ. ಸಮ್ಮಿಶ್ರ ಸರ್ಕಾರ ನಡೆಸಿದವರಿಗೂ ಈ ಕಲೆ ಒಲಿದಿಲ್ಲ.

ನಮ್ಮ ಮನೆಯವರ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ನಿಮ್ಮ ಪೋಸ್ಟರಿನ ಗುರಿ ಅವರೇ. ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟರೆ ಮೂರನೇ ಮಹಡಿಗೆ ಹತ್ತಿ ಬರುವ ಬದಲು ಅದು ಸರಿಹೋಗುವ ತನಕ ಕೆಳಗೇ ನಿಂತು ಸೆಕ್ಯುರಿಟಿಯವರ ಜೊತೆ ರಾಜಕೀಯ ಮಾತಾಡುವ ಸ್ವಭಾವ. ಅಂಥವರು ‘ಚಾಲೆಂಜ್’ ಎಂಬ ಪದ ಕಂಡದ್ದೇ ಸೆಟೆದು ಕುಳಿತರು. “ಮಗನಿಗೆ ಮೊಬೈಲ್ ಬಿಡಿಸಿ ಪ್ರಕೃತಿ ತೋರಿಸಬೇಕು ಕಣೇ” ಎನ್ನುತ್ತಾ ಮೊಬೈಲಿನಲ್ಲೇ ನಾಲ್ಕು ಸೀಟು ಬುಕ್ ಮಾಡಿದರು. ಅರವತ್ತೈದು ದಾಟಿದ ನಮ್ಮ ಅತ್ತೆಯ ವಯಸ್ಸನ್ನು ನಿಮ್ಮ ಫಾರಂನಲ್ಲಿ 59 ಎಂದು ತುಂಬಿದರು. ಅವತ್ತಿನಿಂದ ಅತ್ತೆಗೆ ಮಗನ ಮೇಲೆ ವಿಶೇಷ ಅಕ್ಕರೆ. ಅವರು ಹೊರಟದ್ದು ಮಾತ್ರ ನಿಮ್ಮ ಚಾಲೆಂಜಿಗಲ್ಲ. ಕುಕ್ಕೆ ಎಂಬ ಹೆಸರಿಗೆ. ಸುಬ್ರಹ್ಮಣ್ಯನ ದರ್ಶನಕ್ಕೆ ಮಗ ಕರೆದುಕೊಂಡು ಹೋಗುತ್ತಿದ್ದಾನೆ, ಬರುವಾಗ ಒಂದಿಷ್ಟು ಗುಡ್ಡ ಹತ್ತುವುದಿದೆ ಎಂದುಕೊಂಡಿದ್ದರು.

ಈಗ ಅಂಕಿಗೆ ಬರೋಣ. ಕುಮಾರ ಪರ್ವತದ ಎತ್ತರ 1,712 ಮೀಟರ್ ಎಂದು ದಪ್ಪಕ್ಷರದಲ್ಲಿ ಹಾಕಿದ್ದೀರಿ. ಸುಳ್ಳಲ್ಲ. ಪಕ್ಕದಲ್ಲೇ ಮುಳ್ಳಯ್ಯನಗಿರಿಯ ಜಾಹೀರಾತು: ಸುಮಾರು 1,930 ಮೀಟರ್, ರಾಜ್ಯದಲ್ಲೇ ಅತಿ ಎತ್ತರ. ಅದೂ ಸುಳ್ಳಲ್ಲ. ನಮ್ಮ ಮನೆಯವರು ಎರಡನ್ನೂ ನೋಡಿ ಒಂದು ಕಳೆಯುವ ಲೆಕ್ಕ ಮಾಡಿದರು. ಮುಳ್ಳಯ್ಯನಗಿರಿಗೆ ನಾವು ಕಾರಿನಲ್ಲಿ ಹೋಗಿ, ಕೊನೆಯ ಮೆಟ್ಟಿಲುಗಳನ್ನಷ್ಟೇ ಹತ್ತಿ, ಮುಳ್ಳಪ್ಪಸ್ವಾಮಿಯ ಗದ್ದುಗೆಗೆ ಕೈಮುಗಿದು, ಇಳಿದು ಬಂದು ಬೋಂಡ ತಿಂದವರು. ಇದು ಅದಕ್ಕಿಂತ ಇನ್ನೂರು ಮೀಟರ್ ಕಡಿಮೆ. ಹಾಗಾದರೆ ಇನ್ನೂ ಸಲೀಸು!

ಸ್ವಾಮಿ, ಸಮುದ್ರಮಟ್ಟದಿಂದ ಎಷ್ಟು ಎತ್ತರ ಎನ್ನುವುದು ಭೂಗೋಳದ ಮೇಷ್ಟರಿಗೆ ಬೇಕು. ನಮ್ಮ ಮಂಡಿಗೆ ಬೇಕಾದದ್ದು ಎಲ್ಲಿಂದ ಹತ್ತಲು ಶುರುಮಾಡಬೇಕು ಎನ್ನುವುದು. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ, ಸಮುದ್ರಮಟ್ಟಕ್ಕಿಂತ ನೂರಿನ್ನೂರು ಮೀಟರಿನೊಳಗೆ. ಅಲ್ಲಿಂದ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿ ಏರಬೇಕು. ಮೈಸೂರಿನವಳಾದ ನನಗೆ ಅರ್ಥವಾಗುವ ಅಳತೆಯಲ್ಲಿ ಹೇಳುವುದಾದರೆ, ಪಾದದಿಂದ ಚಾಮುಂಡಿಬೆಟ್ಟವನ್ನು ಒಂದೇ ದಿನ ಐದು ಸಲ ಹತ್ತಿದ ಹಾಗೆ. ಅದೂ ಮೆಟ್ಟಿಲಿಲ್ಲದೆ, ಬೇರು ಕಲ್ಲುಗಳ ಮೇಲೆ. ದಾರಿ ಸುಮಾರು 13 ಕಿಲೋಮೀಟರ್, ಒಂದು ಕಡೆಗೆ.

ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದಾನೆ. ಐದು ಕಿಲೋಮೀಟರ್ ದೂರಕ್ಕೆ ಒಂದು ಗಂಟೆ. ಮೇಲೇರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಕುಮಾರ ಪರ್ವತಕ್ಕೆ ಹಾಕಿ ನೋಡಿ: ಏರಲು ಐದು ಗಂಟೆಯ ಮೇಲೆ. ಇದು ಗಟ್ಟಿ ಆಳಿನ ಲೆಕ್ಕ. ಫೋಟೊ, ಶೂ ಲೇಸು, “ಅಮ್ಮಾ ಒಂದಕ್ಕೆ”, ಚಕ್ಕುಲಿ ಡಬ್ಬ ತೆಗೆಯುವುದು, ಮುಚ್ಚುವುದು, ಮತ್ತೆ ತೆಗೆಯುವುದು, ಇವು ಯಾವುದೂ ಆ ಸೂತ್ರದಲ್ಲಿ ಸೇರಿಲ್ಲ. ಆ ಮಹಾನುಭಾವ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಟಿರಲಿಲ್ಲ ಎಂದು ಕಾಣುತ್ತದೆ. ನಿಮ್ಮ ಪೋಸ್ಟರಿನಲ್ಲಿ ಮಾತ್ರ “ಮಧ್ಯಾಹ್ನ 3ಕ್ಕೆ ಕುಕ್ಕೆಗೆ ವಾಪಸ್, ಸಂಜೆ ಸೈಟ್‌ಸೀಯಿಂಗ್” ಎಂದಿತ್ತು. ಸಂಜೆ ನಾವು ಕಂಡ ಸೈಟ್ ಎಂದರೆ ಟಾರ್ಚಿನ ಬೆಳಕಿನಲ್ಲಿ ನಮ್ಮದೇ ಪಾದಗಳು.

ಪ್ರಯಾಣದ ವರ್ಣನೆಯಿಂದ ನಿಮ್ಮ ಕಾಲ ಹಾಳುಮಾಡುವುದಿಲ್ಲ. ರಾತ್ರಿ ಬಸ್ಸು ಹೊರಟಿತು, ಯಾರೋ ಅಂತ್ಯಾಕ್ಷರಿ ಶುರುಮಾಡಿದರು, ಶಿರಾಡಿ ಘಾಟಿಯಲ್ಲಿ ಇನ್ನಾರೋ ವಾಂತಿ ಶುರುಮಾಡಿದರು. ಬೆಳಗಿನ ಜಾವ ‘ಫ್ರೆಶ್ ಅಪ್’ ಎಂದು ಪೋಸ್ಟರಿನಲ್ಲಿ ಬರೆದಿದ್ದ ಕಾರ್ಯಕ್ರಮ ನಡೆಯಿತು: ಇಡೀ ಬಸ್ಸಿಗೆ ಒಂದು ಬಚ್ಚಲು, ಹೊರಗೆ ಬ್ರಶ್ ಕಚ್ಚಿ ನಿಂತ ಸಾಲು. ಆಮೇಲೆ ಕತ್ತಲಲ್ಲೇ ವೃತ್ತಾಕಾರವಾಗಿ ನಿಲ್ಲಿಸಿ ಹೆಸರು, ಉದ್ಯೋಗ, ಹವ್ಯಾಸ ಹೇಳಿಸಿದಿರಿ. ಅತ್ತೆ ಹೆಸರು ಹೇಳಿ, “ಉದ್ಯೋಗ ಇವನನ್ನು ಸಾಕಿದ್ದು” ಎಂದು ಮಗನ ಕಡೆ ಕೈ ತೋರಿಸಿದರು. ಹವ್ಯಾಸ ಹೇಳಲಿಲ್ಲ.

ಇನ್ನು ನಿಮ್ಮ ಪೋಸ್ಟರಿಗೆ ಗೊತ್ತೇ ಇಲ್ಲದ ವಿಷಯ. ಅತ್ತೆ ತೀರ್ಥಹಳ್ಳಿ ಕಡೆಯವರು, ಗುಡ್ಡದ ಮೇಲಿನ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರು. ಸೀರೆ ಎತ್ತಿ ಕಟ್ಟಿ, ಬಾಯಿಗೆ ಒಂದು ಲವಂಗ ಹಾಕಿಕೊಂಡು, ಒಂದೇ ಹೆಜ್ಜೆಯ ಲಯದಲ್ಲಿ ನಡೆದರು. ಓಡಲಿಲ್ಲ, ನಿಲ್ಲಲೂ ಇಲ್ಲ. ಕಾಡಿನ ದಾರಿಯಲ್ಲಿ ಸಾಫ್ಟ್‌ವೇರ್ ಹುಡುಗರು ಹೋ ಎಂದು ನುಗ್ಗಿ ಮುಂದೆ ಹೋಗುವರು. ಭೀಮನ ಬಂಡೆಯ ಹತ್ತಿರ ನಾಲಿಗೆ ಹೊರಚಾಚಿ ಬಿದ್ದಿರುವರು. ಅತ್ತೆ ಅವರನ್ನು ದಾಟಿ ಹೋಗುವರು. ಅದನ್ನು ಕಂಡು ನಿಮ್ಮ ಟ್ರೆಕ್ ಲೀಡ್ ಹುಡುಗ ಕೂಗಿದ: “ಆಂಟೀ, ಸೂಪರ್! ಚಾಲೆಂಜ್ ಮಾಡ್ತಿದೀರಾ!” ಅತ್ತೆ ಸುತ್ತ ನೋಡಿದರು, ಯಾರು ಯಾರಿಗೆ ಸವಾಲು ಹಾಕಿದರು ಎಂದು.

ನನ್ನ ಮಗನ ಸಮಸ್ಯೆ ಬೇರೆ. ಒಂಬತ್ತು ವರ್ಷದವನು ಬೆಟ್ಟ ಹತ್ತುವುದಿಲ್ಲ, ಬೆಟ್ಟದ ಮೇಲಿನ ಇರುವೆಗಳನ್ನು ಪರಿಶೀಲಿಸುತ್ತಾ ಹೋಗುತ್ತಾನೆ, ಅಷ್ಟರಲ್ಲಿ ಆಕಸ್ಮಿಕವಾಗಿ ಎತ್ತರ ಬಂದಿರುತ್ತದೆ. ಮುಟ್ಟಿದರೆ ಚಕ್ಕುಲಿಯಂತೆ ಸುರುಳಿಯಾಗುವ ಸಹಸ್ರಪದಿ ಕಂಡಲ್ಲಿ ಅವನ ಚಾರಣ ಮುಗಿಯಿತು, ಅದು ಬಿಚ್ಚಿಕೊಂಡು ಹರಿದ ಮೇಲೆ ಮತ್ತೆ ಶುರುವಾಯಿತು. “ಬಾಯ್ಸ್, ಪೇಸ್ ಮೇಂಟೇನ್ ಮಾಡಿ” ಎಂದು ನಿಮ್ಮ ಹುಡುಗ ಸೀಟಿ ಊದಿದ. ಮಕ್ಕಳಿಗೆ ಪ್ರಕೃತಿ ತೋರಿಸುತ್ತೇವೆ ಎಂದು ಕರೆತಂದು, ಮಗು ಅದನ್ನು ನೋಡಲು ಬಗ್ಗಿದ ಕೂಡಲೇ ಸೀಟಿ ಊದುವ ಪದ್ಧತಿಗೆ ಯಾವ ಗ್ರೇಡು? ಮಾಡರೇಟೋ, ಡಿಫಿಕಲ್ಟೋ?

ದಾರಿಯ ನಡುವೆ ಚಾರಣಿಗರಿಗೆ ಊಟ ಹಾಕುವ ಗಿರಿಗದ್ದೆಯ ಭಟ್ಟರ ಮನೆ ಮುಟ್ಟಿದಾಗ ಅತ್ತೆ ಅನ್ನ, ಸಾರು, ಮಜ್ಜಿಗೆ ಊಟ ಮಾಡಿದರು. ಮಜ್ಜಿಗೆ ಎರಡನೇ ಸಲ ಹಾಕಿಸಿಕೊಂಡರು. ಎದುರಿಗೆ ಶೇಷ ಪರ್ವತದ ಬೆನ್ನು, ಕೆಳಗೆ ಆಗಲೇ ಹತ್ತಿ ಬಂದ ಕಾಡು. ಕಂಬಕ್ಕೊರಗಿ ಕಾಲು ಚಾಚಿ, “ನಂಗೆ ಇಷ್ಟು ಸಾಕು ಮಾರಾಯ್ತಿ. ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ” ಎಂದರು. ನಿಮ್ಮ ಹುಡುಗನ ಮುಖ ಸಪ್ಪಗಾಯಿತು. “ಆಂಟಿ, ಗಿವ್ ಅಪ್ ಮಾಡಬೇಡಿ, ಯು ಕ್ಯಾನ್ ಡೂ ಇಟ್!” ಎಂದ. ಹತ್ತಬಲ್ಲೆನೇ ಇಲ್ಲವೇ ಎಂಬ ಪ್ರಶ್ನೆಯನ್ನು ಅತ್ತೆ ಎತ್ತಿರಲೇ ಇಲ್ಲ. ಅವರಿಗೆ ಸಾಕಾಗಿತ್ತು, ಸಂತೋಷವೂ ಆಗಿತ್ತು. ಹೊಟ್ಟೆ ತುಂಬಿತು ಎಂದವರಿಗೆ ಸೋತಿರಿ ಎಂದು ಸಮಾಧಾನ ಹೇಳುವುದು ಯಾವ ಊರಿನ ಉಪಚಾರ?

ಇಲ್ಲಿ ನಿಮಗೊಂದು ಹಳೆಯ ಸುದ್ದಿ. ಕುಟುಂಬ ಸಮೇತ ಬೆಟ್ಟ ಹತ್ತುವುದನ್ನು ಈ ನಾಡಿಗೆ ಕಲಿಸಿದವರು ನೀವಲ್ಲ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲು 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದ್ದು. ಎಲ್ಲರಿಂದಲೂ ತುದಿ ಮುಟ್ಟಲಾಗದು ಎಂಬುದು ಅವರಿಗೆ ತಿಳಿದಿರಬೇಕು. ಮುಕ್ಕಾಲು ಪಾಲಿನ ಆಸುಪಾಸಿನಲ್ಲಿ ಅಷ್ಟು ದೊಡ್ಡ ನಂದಿಯನ್ನು ಕೂರಿಸಿದ್ದಾರೆ. ಅಲ್ಲಿಗೇ ಕೈಮುಗಿದು ಇಳಿಯುವ ಅಜ್ಜಿಯನ್ನು ಯಾರೂ ‘ಗಿವ್ ಅಪ್’ ಎಂದದ್ದಿಲ್ಲ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಆ ಸಾವಿರ ಬಗ್ಗುವಿಕೆಗೆ ಮೆಡಲ್ ಇಲ್ಲ, ಟಿ-ಶರ್ಟೂ ಇಲ್ಲ. ಶಿವಗಂಗೆಯಲ್ಲಿ ಒಳಕಲ್ಲು ತೀರ್ಥಕ್ಕೆ ಕೈಹಾಕಿ, ನೀರು ಸಿಕ್ಕಿತೋ ಇಲ್ಲವೋ ಎಂಬ ಜಗಳದಲ್ಲೇ ಅರ್ಧ ಸಂಸಾರ ಕುಳಿತುಬಿಡುತ್ತದೆ. ಉಳಿದರ್ಧ ಮಂಗಗಳಿಗೆ ಸೌತೆಕಾಯಿ ಕಂದಾಯ ಕಟ್ಟುತ್ತಾ ಮೇಲೆ ಹೋಗುತ್ತದೆ. ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಬಳಿಯ ದೇವೀರಮ್ಮನ ಬೆಟ್ಟವನ್ನು ಹತ್ತುವುದು ದೀಪಾವಳಿಗೆ ಮಾತ್ರ. ಸಾವಿರಾರು ಜನ ಬರಿಗಾಲಲ್ಲಿ, ಸೌದೆ ತುಪ್ಪ ಹೊತ್ತು ಹತ್ತುತ್ತಾರೆ. ಆ ಕೆಸರಿನ ಏರನ್ನು ನೀವು ಕಂಡಿದ್ದರೆ ‘ಎಕ್ಸ್‌ಟ್ರೀಮ್’ ಎಂದು ಕೆಂಪಕ್ಷರದಲ್ಲಿ ಬರೆದು ದರ ಹೆಚ್ಚಿಸುತ್ತಿದ್ದಿರಿ. ಹಳೆಯದೆಲ್ಲ ಚಿನ್ನ ಎನ್ನುತ್ತಿಲ್ಲ. ಅಲ್ಲೂ ನೂಕುನುಗ್ಗಲು ಇದೆ, ಜಾರಿ ಬೀಳುವವರಿದ್ದಾರೆ, ಪೊಲೀಸರು ಬೇಕಾಗುತ್ತದೆ. ಆದರೆ ನೀನು ಯಾರನ್ನು ಗೆಲ್ಲಲು ಬಂದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ನೂಕುನುಗ್ಗಲು ಎಂದಾಗ ನೆನಪಾಯಿತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಇದೇ ಕುಮಾರ ಪರ್ವತದ ದಾರಿಯಲ್ಲಿ ಜನ ಇರುವೆಸಾಲಿನಂತೆ ನಿಂತ ವಿಡಿಯೊ ರಾಜ್ಯವೆಲ್ಲ ನೋಡಿತು. ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಯೆಲ್ಲ ಚಾರಣಕ್ಕೆ ತಾತ್ಕಾಲಿಕವಾಗಿ ತಡೆ ಹಾಕಿದರು. ಆಮೇಲೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಬಂತು. ನಿಮ್ಮ ಪೋಸ್ಟರಿನಲ್ಲಿ ಇಂದಿಗೂ “ನಗರದ ಗದ್ದಲದಿಂದ ದೂರ, ಏಕಾಂತದಲ್ಲಿ” ಎಂದೇ ಇದೆ. ಏಕಾಂತ ಸಿಕ್ಕಿತು ಸ್ವಾಮಿ, ಅತ್ತೆಗೆ. ಎಲ್ಲರೂ ಮೇಲೆ ಹೋದ ಮೇಲೆ ಭಟ್ಟರ ಮನೆಯ ಜಗುಲಿಯಲ್ಲಿ.

ಭಟ್ಟರ ಮನೆಯಿಂದ ಮೇಲಕ್ಕೆ ಹುಲ್ಲುಗಾವಲು. ನೆರಳಿಗೆ ಒಂದು ಮರವಿಲ್ಲ. ಕಲ್ಲು ಮಂಟಪದವರೆಗೆ ನಾನೂ ಮಗನೂ ಹೋದೆವು. ಅಲ್ಲಿ ನೀರಿನ ಒರತೆಯ ಪಕ್ಕ ಅವನಿಗೊಂದು ಏಡಿ ಸಿಕ್ಕಿತು. ಅಲ್ಲಿಗೆ ಅವನ ಶಿಖರ ಬಂತು. ಇಳಿದು ಬರುತ್ತಿದ್ದವರನ್ನೆಲ್ಲ “ಇನ್ನೆಷ್ಟು ದೂರ?” ಎಂದು ಕೇಳಿದೆ. ಎಲ್ಲರೂ “ಇನ್ನು ಹತ್ತೇ ನಿಮಿಷ” ಎಂದರು. ನೀವು ಪೋಸ್ಟರ್ ಬರೆಯುವವರನ್ನು ಎಲ್ಲಿಂದ ಆರಿಸುತ್ತೀರಿ ಎಂದು ಆಗ ತಿಳಿಯಿತು.

ನಮ್ಮ ಮನೆಯವರು ತುದಿ ಮುಟ್ಟಿದರು. ಒಪ್ಪಬೇಕಾದ ಮಾತು. ನಿಮ್ಮ ಪೋಸ್ಟರಿನಲ್ಲಿದ್ದ ಮೋಡದ ಕಡಲು ಮಾತ್ರ ಅವತ್ತು ರಜೆಯಲ್ಲಿತ್ತು. ಮೇಲೆ ಬರೀ ಮಂಜು. ತಂದ ಫೋಟೊಗಳೆಲ್ಲ ಬಿಳಿ ಗೋಡೆಯ ಮುಂದೆ ನಿಂತು ತೆಗೆಸಿದ ಪಾಸ್‌ಪೋರ್ಟ್ ಫೋಟೊದಂತಿವೆ. ಕುಮಾರಧಾರೆ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವುದು ಇದೇ ನೀರು ಎಂದು ಅವರಿಗೆ ಯಾರೂ ಹೇಳಲಿಲ್ಲವಂತೆ. ರೀಲ್ಸ್‌ಗೆ ಎಲ್ಲಿ ನಿಲ್ಲಬೇಕೆಂದು ಹೇಳಿದರಂತೆ.

ಕೊನೆಯದಾಗಿ ಇಳಿಯುವ ವಿಚಾರ. ಇಡೀ ಪೋಸ್ಟರನ್ನು ಹುಡುಕಿದೆ, ‘ಇಳಿಯುವುದು’ ಎಂಬ ಕ್ರಿಯಾಪದವೇ ಇಲ್ಲ. ಮೇಲೆ ಹೋದವರು ಅಲ್ಲೇ ಕರಗಿ ಹೋಗುತ್ತಾರೆ ಎಂಬ ನಂಬಿಕೆಯೇ? ಹತ್ತುವಾಗ ದುಡಿಯುವುದು ಎದೆ. ಏದುಸಿರು ನಿಂತರೆ ಮುಗಿಯಿತು. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಆ ಕೆಲಸದ ಕೂಲಿ ಅದು ಕೇಳುವುದು ಮರುದಿನ, ಅದರ ಮರುದಿನ ಇನ್ನೂ ಜೋರಾಗಿ. ಸೋಮವಾರ ನಮ್ಮ ಮನೆಯವರು ಆಫೀಸಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದರಂತೆ. ಮಂಗಳವಾರ ಲಿಫ್ಟ್ ಕೆಟ್ಟಿತ್ತು, ರಜೆ ಹಾಕಿದರು.

ಆದ್ದರಿಂದ ಮುಂದಿನ ಪೋಸ್ಟರಿನಲ್ಲಿ ಸಮುದ್ರವನ್ನು ಬಿಟ್ಟು, ಬಸ್ಸಿನಿಂದ ಇಳಿದ ಜಾಗದಿಂದ ಎಷ್ಟು ಏರಬೇಕು ಎಂದು ಬರೆಯಿರಿ. ಇಳಿಯಲು ಎಷ್ಟು ಹೊತ್ತು ಎಂದು ಬರೆಯಿರಿ. ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗಬೇಕು ಎಂದು ಬರೆಯಿರಿ. ‘ಫ್ಯಾಮಿಲಿ ಫ್ರೆಂಡ್ಲಿ’ ಎಂಬ ಎರಡು ಪದಕ್ಕೆ ನಿಮ್ಮ ಜಿಎಸ್‌ಟಿ ಸೇರಿ ಎಷ್ಟಾಗುತ್ತದೆ ಎಂದು ಹೇಳಿದರೆ, ಅದನ್ನು ತೆಗೆದುಹಾಕಿದ ದರದಲ್ಲಿ ಇನ್ನೊಮ್ಮೆ ಯೋಚಿಸುತ್ತೇವೆ. ಮಧ್ಯದವರೆಗೆ ಮಾತ್ರ ಬರುವವರಿಗೆ ಊಟ ಸಹಿತ ಬೇರೆ ಟಿಕೆಟ್ ಇಟ್ಟರೆ ಅತ್ತೆ ತಮ್ಮ ಭಜನಾ ಮಂಡಳಿಯನ್ನೇ ಕರೆತರಲು ಸಿದ್ಧರಿದ್ದಾರೆ.

ಇಂತಿ,
ಕಲ್ಲು ಮಂಟಪದವರೆಗೆ ಬಂದಿದ್ದ ಗೃಹಿಣಿ

ತಾಜಾಕಲಂ: ನೀವು ಮೊದಲೇ ಅಚ್ಚು ಹಾಕಿಸಿ, ಬಸ್ಸಿನಲ್ಲಿ ಹಂಚಿದ ಪ್ರಮಾಣಪತ್ರಗಳು ತಲುಪಿವೆ. ಕುಮಾರ ಪರ್ವತದ ಶಿಖರವನ್ನು ಯಶಸ್ವಿಯಾಗಿ ಏರಿದ್ದಕ್ಕೆಂದು ಅತ್ತೆಗೆ ಬಂದ ಪತ್ರಕ್ಕೆ ಚೌಕಟ್ಟು ಹಾಕಿಸಿ ಶೋಕೇಸಿನಲ್ಲಿ ಇಟ್ಟಿದ್ದೇವೆ. ನೆಂಟರು ಬಂದಾಗ ಅತ್ತೆ ಹೆಚ್ಚೇನೂ ಹೇಳದೆ ನಗುತ್ತಾರೆ. ಕಲ್ಲು ಮಂಟಪದ ಏಡಿ ಬಿಟ್ಟು ಬೇರೇನೂ ನೆನಪಿಲ್ಲದ ನನ್ನ ಮಗನೂ ಶಿಖರ ಏರಿದ್ದಾನೆ, ನಾನೂ ಏರಿದ್ದೇನೆ. ನಿಜಕ್ಕೂ ಏರಿದ ನಮ್ಮ ಮನೆಯವರ ಪ್ರಮಾಣಪತ್ರ ಮಾತ್ರ ಕಟ್ಟಿನಲ್ಲಿರಲಿಲ್ಲ. ದಯವಿಟ್ಟು ಅಂಚೆಯಲ್ಲಿ ಕಳಿಸಿಕೊಡಿ. ಅಂಚೆಯವರಿಗೆ ನೆಲಮಹಡಿಯಲ್ಲೇ ಕೊಡಲು ಹೇಳಿ, ಲಿಫ್ಟ್ ಇನ್ನೂ ರಿಪೇರಿಯಾಗಿಲ್ಲ.