ಟೂರಿಂಗ್ ಫಿಲ್ಮ್ ಸಿಟಿ

ಟೆಂಟಿನಲ್ಲಿ ನೆಲದ ಮೇಲೆ ಕೂತು ಸಿನಿಮಾ ನೋಡಿದವರಿಗೆ ಟೂರಿಂಗ್ ಟಾಕೀಸಿನ ಜಾತಕ ಗೊತ್ತು. ಒಂದೂರಿನಲ್ಲಿ ಮೂರು ತಿಂಗಳು, ಇನ್ನೊಂದೂರಿನಲ್ಲಿ ಆರು ತಿಂಗಳು. ಜಾತ್ರೆ, ಸುಗ್ಗಿ, ಕಲೆಕ್ಷನ್ನು ಎಲ್ಲ ಅಳೆದು ನೋಡಿ ಒಂದು ದಿನ ಗೂಟ ಕಿತ್ತು, ಡೇರೆ ಸುತ್ತಿ ಗಾಡಿಗೆ ಹೇರಿಕೊಂಡು ಹೋಗಿಬಿಡುತ್ತಿದ್ದರು. ಮುಂದಿನೂರಲ್ಲಿ ಮತ್ತೆ ಗೂಟ. ಆ ಕಾಲ ಹೋಯಿತಲ್ಲ ಎಂದು ಈಗಲೂ ನಿಟ್ಟುಸಿರು ಬಿಡುವವರಿದ್ದಾರೆ. ಅವರು ಸಮಾಧಾನ ಮಾಡಿಕೊಳ್ಳಬೇಕು. ಒಂದು ಟೂರಿಂಗ್ ಕಂಪನಿ ಇನ್ನೂ ಸಂಚಾರದಲ್ಲಿದೆ. ಅದು ಕರ್ನಾಟಕ ಸರ್ಕಾರದ ಫಿಲ್ಮ್ ಸಿಟಿ. ಇದಕ್ಕೆ ಡೇರೆ ಇಲ್ಲ, ಬೆಂಚಿಲ್ಲ, ಪ್ರೊಜೆಕ್ಟರಿಲ್ಲ. ಇರುವುದು ಗೂಟ ಒಂದೇ. ಅದೂ ನೆಲದಲ್ಲಿಲ್ಲ, ಕಾರಿನ ಮೇಲಿದೆ.

ಗೂಟದ ಕಾರು ಯಾವ ಊರಿನದೋ ಫಿಲ್ಮ್ ಸಿಟಿಯೂ ಆ ಊರಿನದು. ಸಿದ್ದರಾಮಯ್ಯನವರ ಮೊದಲ ಸರ್ಕಾರದಲ್ಲಿ ಅದು ಮೈಸೂರಿನ ಮಗ್ಗುಲಿಗೆ, ನಂಜನಗೂಡು ತಾಲ್ಲೂಕಿನ ಹಿಮ್ಮಾವಿಗೆ ಹೊರಟಿತ್ತು. 2018ರಲ್ಲಿ ಕುಮಾರಸ್ವಾಮಿ ಬಂದರು, ಫಿಲ್ಮ್ ಸಿಟಿ ರಾಮನಗರದಲ್ಲಿ ಇಳಿಯಿತು. ಮರುವರ್ಷ ಯಡಿಯೂರಪ್ಪ ಬಂದರು, ಅದು ಬೆಂಗಳೂರಿಗೆ ಹತ್ತಿತು. ಶಿಕಾರಿಪುರಕ್ಕೆ ಒಯ್ಯಲಿಲ್ಲವಲ್ಲ, ಆ ಸಂಯಮಕ್ಕಾಗಿ ಅವರಿಗೊಂದು ನಮಸ್ಕಾರ. 2023ರಲ್ಲಿ ಸಿದ್ದರಾಮಯ್ಯ ಮರಳಿದರು. ತವರಿನ ದಾರಿ ಮರೆಯದ ಮಗಳಂತೆ ಫಿಲ್ಮ್ ಸಿಟಿಯೂ ಮೈಸೂರಿಗೆ ಮರಳಿತು.

ಈ ತಿರುಗಾಟದಲ್ಲಿ ನನಗೆ ಬಹಳ ಹಿಡಿಸಿದ್ದು ಅದರ ಲೆಕ್ಕಪತ್ರ. 2020ರ ಬಜೆಟ್ಟಿನಲ್ಲಿ ಬೆಂಗಳೂರಿನ ಫಿಲ್ಮ್ ಸಿಟಿಗೆ ಹೇಳಿದ ಮೊತ್ತ 500 ಕೋಟಿ ರೂಪಾಯಿ. 2025ರ ಬಜೆಟ್ಟಿನಲ್ಲಿ ಮೈಸೂರಿನ ಫಿಲ್ಮ್ ಸಿಟಿಗೆ 150 ಎಕರೆ, ಮೊತ್ತ ಅದೇ 500 ಕೋಟಿ. ಐದು ವರ್ಷದಲ್ಲಿ ಸಿಮೆಂಟು ಏರಿತು, ಕಬ್ಬಿಣ ಏರಿತು, ಗಾರೆ ಕೆಲಸದವನ ಕೂಲಿ ಏರಿತು, ಖಾಲಿ ದೋಸೆಯೂ ಏರಿತು. ಪಕ್ಷ ಬದಲಾಯಿತು, ಊರು ಬದಲಾಯಿತು. 500 ಕೋಟಿ ಮಾತ್ರ ಒಂದು ಪೈಸೆ ಕದಲಲಿಲ್ಲ. ಹಣದುಬ್ಬರವನ್ನು ಹಿಡಿದು ನಿಲ್ಲಿಸಲು ರಿಸರ್ವ್ ಬ್ಯಾಂಕು ಬಡ್ಡಿದರ ಏರಿಸಿ ಇಳಿಸಿ ಒದ್ದಾಡುತ್ತದೆ. ಕಟ್ಟದೇ ಇದ್ದರೆ ಯಾವುದರ ಬೆಲೆಯೂ ಏರುವುದಿಲ್ಲ ಎಂಬ ಸುಲಭ ಉಪಾಯವನ್ನು ವಿಧಾನಸೌಧದವರು ಅವರಿಗೆ ಹೇಳಿಕೊಟ್ಟಿಲ್ಲ.

ನಡುವಿನ ಊರುಗಳ ಕಥೆ ಸಣ್ಣದಲ್ಲ. ರಾಮನಗರವನ್ನೇ ತೆಗೆದುಕೊಳ್ಳಿ. 1973ರಲ್ಲಿ ಬೊಂಬಾಯಿಯ ನಿರ್ಮಾಪಕರೊಬ್ಬರು ಆ ಬಂಡೆಗಳನ್ನು ನೋಡಿ ಮೆಚ್ಚಿ ಒಂದು ಇಡೀ ಹಳ್ಳಿಯ ಸೆಟ್ಟು ಹಾಕಿದರು. ಸೆಟ್ಟಿನವರೆಗೆ ಹೋಗಲು ದಾರಿ ಇರಲಿಲ್ಲ. ಅವರೇ ರಸ್ತೆ ಮಾಡಿಕೊಂಡರು. ‘ಶೋಲೆ’ ಹಾಗೆ ಆಯಿತು. ನಿರ್ಮಾಪಕ ಸರ್ಕಾರಕ್ಕೆ ರಸ್ತೆ ಮಾಡಿಕೊಟ್ಟಿದ್ದ ಆ ಊರಿಗೆ, ಸರ್ಕಾರ ನಿರ್ಮಾಪಕನಿಗೆ ಊರನ್ನೇ ಕಟ್ಟಿಕೊಡುತ್ತೇನೆಂದು ಬಂತು, ಹೋಯಿತು. ಗಬ್ಬರ್ ಸಿಂಗ್ ಕೂತಿದ್ದ ಬೆಟ್ಟದ ಸೀಮೆ ಈಗ ರಣಹದ್ದುಗಳ ಅಭಯಧಾಮ. ಹದ್ದುಗಳಾದರೂ ಒಂದು ಕಡೆ ನೆಲೆಸುತ್ತವೆ.

ಬೆಂಗಳೂರಿಗೆ ಬಂದಾಗ ಮೊದಲು ಹೊಳೆದ ಜಾಗ ಕನಕಪುರ ರಸ್ತೆಯ ತಾತಗುಣಿ, ರೋರಿಚ್ ಮತ್ತು ದೇವಿಕಾರಾಣಿ ಎಸ್ಟೇಟು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಂಥ ಚಿತ್ರಕಥೆಯನ್ನು ಗಾಂಧಿನಗರದಲ್ಲಿ ಯಾರೂ ಬರೆಯಲಾರರು. ದೇವಿಕಾರಾಣಿ ಬಾಂಬೆ ಟಾಕೀಸಿನ ನಾಯಕಿ ಮಾತ್ರವಲ್ಲ, ಯಜಮಾನಿಯೂ ಹೌದು. 1940ರಲ್ಲಿ ಗಂಡ ಹಿಮಾಂಶು ರಾಯ್ ತೀರಿಕೊಂಡ ಮೇಲೆ ಆ ಸ್ಟುಡಿಯೋವನ್ನು ಹೊತ್ತು ನಡೆಸಿದ ಹೆಂಗಸು. ದಿಲೀಪ್ ಕುಮಾರ್ ಎಂಬ ಹೊಸ ಹುಡುಗನನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದ್ದು ಆಕೆ. ಪಾಲುದಾರರ ಜಗಳ, ದುಡ್ಡಿನ ಜಗಳ ಎಲ್ಲ ನೋಡಿ ಸಾಕಾಗಿ 1945ರಲ್ಲಿ ಸ್ಟುಡಿಯೋಕ್ಕೆ ಕೈಮುಗಿದು, ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್‌ರನ್ನು ಮದುವೆಯಾದರು. ಮತ್ತೆ ಬಣ್ಣ ಹಚ್ಚಲಿಲ್ಲ. ಫಾಲ್ಕೆ ಪ್ರಶಸ್ತಿಯನ್ನು ಕೊಡಲು ಶುರು ಮಾಡಿದಾಗ ಮೊದಲು ಕೊಟ್ಟದ್ದು ಆಕೆಗೆ. ಆ ಹೊತ್ತಿಗೆ ಆಕೆ ಬಣ್ಣ ಅಳಿಸಿ ಕಾಲು ಶತಮಾನವಾಗಿತ್ತು. ಸುಗಂಧದ ಎಣ್ಣೆ ಕೊಡುವ ಲಿನಾಲೊ ಮರಗಳ ನಡುವೆ, ಬನ್ನೇರುಘಟ್ಟದ ಆನೆಗಳ ನೆರೆಯಲ್ಲಿ ಗಂಡ ಹೆಂಡತಿ ಸದ್ದಿಲ್ಲದೆ ಬಾಳಿದರು. ಇಬ್ಬರೂ ತೀರಿಕೊಂಡ ಮೇಲೆ ಎಸ್ಟೇಟು ಕಂಡವರ ಪಾಲಾಗಬಾರದೆಂದು ಸರ್ಕಾರ 1996ರಲ್ಲಿ ಒಂದು ಕಾಯ್ದೆಯನ್ನೇ ಮಾಡಿ ಅದನ್ನು ವಶಕ್ಕೆ ತೆಗೆದುಕೊಂಡಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2011ರಲ್ಲಿ ಸರ್ಕಾರವೇ ಗೆದ್ದಿತು.

ಅಷ್ಟು ಕಷ್ಟಪಟ್ಟು ಉಳಿಸಿದ ತೋಟ. ಇಲ್ಲೇನು ಮಾಡೋಣ? ಫಿಲ್ಮ್ ಸಿಟಿ ಮಾಡೋಣ! ಸ್ಟುಡಿಯೋದ ಸಹವಾಸ ಬೇಡವೆಂದು ಓಡಿ ಬಂದವಳ ಅಂಗಳಕ್ಕೇ ಸ್ಟುಡಿಯೋವನ್ನು ಹೊತ್ತು ತರುವ ಈ ಯೋಚನೆಗೆ ಅತ್ಯುತ್ತಮ ಸಂಭಾಷಣೆಯ ಪ್ರಶಸ್ತಿ ಕೊಡಬಹುದು. ಪರಿಸರದವರು ಗಲಾಟೆ ಮಾಡಿದರು, ಕಲಾವಿದರು ಗಲಾಟೆ ಮಾಡಿದರು. ಆನೆಗಳಿಂದ ಲಿಖಿತ ಆಕ್ಷೇಪಣೆ ಬಂದಂತಿಲ್ಲ. ಗೂಟ ಕಿತ್ತರು.

ಅಲ್ಲಿಂದ ಹೆಸರಘಟ್ಟ. ಅದು ಬೆಂಗಳೂರಿನ ಸುತ್ತ ಉಳಿದಿರುವ ದೊಡ್ಡ ಹುಲ್ಲುಗಾವಲು. ಸರ್ಕಾರಿ ಭಾಷೆಯಲ್ಲಿ ಹುಲ್ಲುಗಾವಲು ಎಂದರೆ ಖಾಲಿ ಜಾಗ. ಮರ ಇದ್ದರೆ ಕಾಡು, ಬೆಳೆ ಇದ್ದರೆ ಹೊಲ, ನೀರಿದ್ದರೆ ಕೆರೆ (ನೀರು ಹೋದರೆ ಬಡಾವಣೆ), ಬರೀ ಹುಲ್ಲಿದ್ದರೆ ಯಾರಿಗಾದರೂ ಕೊಡಬಹುದು. ಅಲ್ಲಿ ಚಿತ್ರನಗರಿ ಬರುತ್ತದೆಂಬ ಮಾತು 1970ರ ದಶಕದಿಂದಲೇ ಇತ್ತು. ಈ ಸಲ ಹಕ್ಕಿ ನೋಡುವವರು ಬೈನಾಕ್ಯುಲರ್ ಕೆಳಗಿಟ್ಟು ಬೀದಿಗಿಳಿದರು. ಕೊನೆಗೆ ಸರ್ಕಾರವೇ ಅದನ್ನು ಸಂರಕ್ಷಿತ ಮೀಸಲು ಪ್ರದೇಶ ಮಾಡಲು ಒಪ್ಪಿತು. ಫಿಲ್ಮ್ ಸಿಟಿಯಿಂದ ನಾಡಿಗಾದ ಲಾಭ ಏನೆಂದು ಯಾರಾದರೂ ಕೇಳಿದರೆ ಇದನ್ನು ಹೇಳಬಹುದು. ಅದು ಬರುತ್ತದೆಂಬ ಭಯಕ್ಕೆ ಒಂದು ಹುಲ್ಲುಗಾವಲು ಉಳಿಯಿತು.

ಸರ್ಕಾರ ಈ ಮೊದಲು ಸ್ಟುಡಿಯೋ ಕಟ್ಟಿಯೇ ಇಲ್ಲ ಎಂದರೆ ಸುಳ್ಳಾಗುತ್ತದೆ. 1966ರ ಕಂಠೀರವ ಸ್ಟುಡಿಯೋ ಸರ್ಕಾರದ್ದೇ. ಇಂದು ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಕ್ಲಾಪ್ ಬೋರ್ಡ್ ಅಲ್ಲ, ಹೂವಿನ ಹಾರ. ರಾಜ್‌ಕುಮಾರ್, ಅಂಬರೀಷ್, ಪುನೀತ್ ಮೂವರೂ ಅಲ್ಲಿದ್ದಾರೆ. ಆ ಹಾರಗಳ ಬಗ್ಗೆ ನನ್ನದೇನೂ ತಕರಾರಿಲ್ಲ, ನಾನೂ ಒಮ್ಮೆ ಸಾಲಿನಲ್ಲಿ ನಿಂತವನೇ. ಸರ್ಕಾರ ಕಟ್ಟಿದ ಸ್ಟುಡಿಯೋ ಸಮಾಧಿಯ ಜಾಗವಾಗಿ ಹೆಸರಾದದ್ದನ್ನು ಮಾತ್ರ ಯೋಜನಾ ವರದಿ ಬರೆಯುವವರು ಒಂದು ಸಾಲಿನಲ್ಲಾದರೂ ಸೇರಿಸಬೇಕು.

ಇನ್ನು ಖಾಸಗಿ ಸಹಭಾಗಿತ್ವ. 500 ಕೋಟಿ ಸರ್ಕಾರದ ಜೇಬಿನಿಂದಲೇ ಬರುತ್ತದೆಂದು ತಿಳಿದವರು ಬಜೆಟ್ ಪುಸ್ತಕವನ್ನು ಇನ್ನೊಮ್ಮೆ ಓದಬೇಕು. ಜಮೀನು ನಿಮ್ಮದು, ಜಾಣತನ ನಮ್ಮದು ಎನ್ನುವ ವ್ಯವಹಾರ ಅದು. ಹಿಂದೆಲ್ಲ ಮದುವೆ ದಲ್ಲಾಳಿಗಳು ಹೀಗೆ ಮಾತಾಡುತ್ತಿದ್ದರು. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. 1996ರಲ್ಲಿ ಒಬ್ಬ ಪತ್ರಿಕೋದ್ಯಮಿ ಸ್ವಂತ ಹಟಕ್ಕೆ ಕಟ್ಟಿದ ಜಾಗ ಅದು. ಸುಮಾರು 1,600 ಎಕರೆ. ಅಲ್ಲಿ ಬಸ್ಸುಗಟ್ಟಲೆ ಇಳಿಯುವ ಪ್ರವಾಸಿಗರೂ ಅದರ ಬಂಡವಾಳವೇ. ನಮ್ಮವರು ಅಲ್ಲಿಗೆ ಹೋಗಿ ಬಂದು ನೆನಪಿಟ್ಟುಕೊಳ್ಳುವುದು ಪ್ರವಾಸಿಗರನ್ನು ಮಾತ್ರ. ‘ಫಿಲ್ಮ್ ಸಿಟಿ’ ಎಂಬ ಎರಡು ಪದಗಳಲ್ಲಿ ಯಾವುದು ನಾಮಪದ, ಯಾವುದು ಬರೀ ಅಲಂಕಾರ ಎಂದು ಬೆಂಗಳೂರಿನ ಸೈಟು ಬ್ರೋಕರಿಗೆ ವ್ಯಾಕರಣ ಓದದೆಯೂ ಗೊತ್ತು.

ಅಧ್ಯಯನ ಪ್ರವಾಸವಿಲ್ಲದೆ ನಮ್ಮಲ್ಲಿ ಯಾವ ಕಡತವೂ ದಪ್ಪವಾಗುವುದಿಲ್ಲ. ಹೇಗೂ ಹೋಗುವವರೇ ಆದ್ದರಿಂದ ನಾನೇ ಊರುಗಳ ಪಟ್ಟಿ ಕೊಡುತ್ತೇನೆ.

ಮೊದಲು ಸ್ಪೇನಿನ ಅಲಿಕಾಂಟೆ. ವೆಲೆನ್ಸಿಯಾ ಪ್ರಾಂತ್ಯದ ಸರ್ಕಾರ ಅಲ್ಲಿ ಸಮುದ್ರದ ಪಕ್ಕ ಒಂದು ಫಿಲ್ಮ್ ಸಿಟಿ ಕಟ್ಟಿತು, 2005ರಲ್ಲಿ ತೆರೆಯಿತು. ‘ಬೆಳಕಿನ ನಗರ’ ಎಂಬ ಅರ್ಥದ ಹೆಸರು. ದೊಡ್ಡ ಫ್ಲೋರುಗಳು, ದೊಡ್ಡ ನೀರಿನ ತೊಟ್ಟಿ. ಸುನಾಮಿಯ ಮೇಲೆ ಬಂದ ‘ದಿ ಇಂಪಾಸಿಬಲ್’ ಚಿತ್ರದ ಪ್ರಳಯವನ್ನು ಆ ತೊಟ್ಟಿಯಲ್ಲೇ ತೆಗೆದರು. ಆಮೇಲೆ ನಿಜವಾದ ಅಲೆ ಬ್ರಸೆಲ್ಸಿನಿಂದ ಬಂತು. ಬುದ್ಧಿ ನೆಟ್ಟಗಿರುವ ಯಾವ ಖಾಸಗಿಯವನೂ ಇಂಥದಕ್ಕೆ ಹೀಗೆ ದುಡ್ಡು ಸುರಿಯುತ್ತಿರಲಿಲ್ಲ ಎಂಬ ತರ್ಕದ ಮೇಲೆ, ಇದು ಕಾನೂನುಬಾಹಿರ ಸರ್ಕಾರಿ ನೆರವು ಎಂದು ಯುರೋಪಿಯನ್ ಕಮಿಷನ್ 2012ರಲ್ಲಿ ತೀರ್ಪು ಕೊಟ್ಟು, 26.5 ಕೋಟಿ ಯೂರೋ ವಾಪಸು ಕೇಳಿತು. ಸ್ಟುಡಿಯೋ ಮುಚ್ಚಿತು. ವರ್ಷಗಟ್ಟಲೆ ಅಲ್ಲಿ ಸಿನಿಮಾ ತೆಗೆಯುವುದಕ್ಕೇ ನಿಷೇಧವಿತ್ತು. ಏನು ಬೇಕಾದರೂ ಮಾಡಬಹುದು, ಸಿನಿಮಾ ಮಾತ್ರ ಮಾಡುವಂತಿಲ್ಲದ ಸಿನಿಮಾ ನಗರ! ನಮ್ಮ ಅಧಿಕಾರಿಗಳು ಇದನ್ನು ಕಂಡು ಬೆದರಬಾರದು. ಖರ್ಚಿಲ್ಲದೆ ಆ ಸ್ಥಿತಿಯನ್ನು ನಾವು ಮೊದಲ ದಿನದಿಂದಲೇ ಸಾಧಿಸಿದ್ದೇವೆ.

ಅಲ್ಲಿಂದ ಅಮೆರಿಕದ ಸಿರಾಕ್ಯೂಸ್. ಹಿಮ ಸುರಿಯುವ ಊರು, ಕೋಟು ಬೇಕು. ಬಟ್ಟೆ ಭತ್ಯೆಗೆ ಅರ್ಜಿ ಹಾಕಿಕೊಳ್ಳಬಹುದು. ನ್ಯೂಯಾರ್ಕ್ ರಾಜ್ಯ ಸರ್ಕಾರ ಹಾಲಿವುಡ್ಡನ್ನೇ ಇಲ್ಲಿಗೆ ಎಳೆದು ತರುತ್ತೇನೆಂದು ಹೊರಟು, ಸುಮಾರು ಒಂದೂವರೆ ಕೋಟಿ ಡಾಲರ್ ಹಾಕಿ ಊರಿನ ಪಕ್ಕ ಸ್ಟುಡಿಯೋ ಕಟ್ಟಿಸಿತು. ಹಾಲಿವುಡ್ಡು ಬರಲಿಲ್ಲ. 2018ರಲ್ಲಿ ಅದನ್ನು ಅಲ್ಲಿನ ಕೌಂಟಿಗೆ, ಅಂದರೆ ನಮ್ಮ ಜಿಲ್ಲಾ ಪಂಚಾಯಿತಿಯಂಥದಕ್ಕೆ, ಒಂದು ಡಾಲರಿಗೆ ಮಾರಿದರು. ಒಂದು ಡಾಲರ್. ನಮ್ಮಲ್ಲಾಗಿದ್ದರೆ ಸ್ಟಾಂಪ್ ಡ್ಯೂಟಿಯೇ ಜಾಸ್ತಿಯಾಗುತ್ತಿತ್ತು.

ಮೂರನೆಯದು ಕೆನಡಾದ ಟೊರಾಂಟೊ. ಇಲ್ಲಿಗೆ ಹೋಗುವುದು ಬೇಡ ಎಂದೇ ನನ್ನ ಸಲಹೆ, ಏಕೆಂದರೆ ಇಲ್ಲಿ ಕೆಲಸ ಕೈಗೂಡಿದೆ. ಹಳೆಯ ಬಂದರಿನ ಪಾಳುಜಾಗದಲ್ಲಿ ನಗರಾಡಳಿತದ ಅಭಿವೃದ್ಧಿ ನಿಗಮದ ನೆರವಿನಿಂದ 2008ರಲ್ಲಿ ಸ್ಟುಡಿಯೋ ತೆರೆಯಿತು. ಮೊದಲ ವರ್ಷವೇ ಮುಗ್ಗರಿಸಿತು. ಬ್ರಿಟನ್ನಿನ ಪೈನ್‌ವುಡ್ ಬಂದು ಕೈಜೋಡಿಸಿತು, ನಗರಾಡಳಿತವೂ ಪಾಲು ಇಟ್ಟುಕೊಂಡಿತು, ಕೆಲ ವರ್ಷಗಳ ನಂತರ ಮಾರಿಕೊಂಡು ಹೊರಬಂತು. ಆದರೆ ಅಲ್ಲಿ ಫ್ಲೋರು ಏಳುವ ಮೊದಲೇ ಲೈಟ್‌ಮನ್ ಇದ್ದ, ಬಡಗಿ ಇದ್ದ, ಕ್ಯಾಮೆರಾ ಸಹಾಯಕ ಇದ್ದ, ಅವರನ್ನು ಹುಡುಕಿಕೊಂಡು ದಶಕಗಳಿಂದ ಅಮೆರಿಕದ ಚಿತ್ರಗಳು ಬರುತ್ತಿದ್ದವು. ಜನ ಬಂದು ಕೂತ ಮೇಲೆ ಚಪ್ಪರ ಹಾಕಿದರು. ಇದನ್ನು ವರದಿಯಲ್ಲಿ ಬರೆದರೆ ಮುಂದಿನ ಪ್ರವಾಸ ಮಂಜೂರಾಗುವುದಿಲ್ಲ.

ಕನ್ನಡ ಸಿನಿಮಾ ಶುರುವಾದದ್ದೇ ಪರರ ಸ್ಟುಡಿಯೋದಲ್ಲಿ. 1934ರ ‘ಸತಿ ಸುಲೋಚನ’ ಕೊಲ್ಹಾಪುರದಲ್ಲಿ ತಯಾರಾಯಿತು. ಆಮೇಲೆ ಬಹುಕಾಲ ಮದರಾಸಿನ ಬಾಡಿಗೆ ಫ್ಲೋರುಗಳು. ಧ್ವನಿಮುದ್ರಣಕ್ಕೆ ಅಷ್ಟು ದೂರ ಯಾಕೆ ಹೋಗಬೇಕೆಂದು ಬೆಂಗಳೂರಿನಲ್ಲೇ ‘ಸಂಕೇತ್’ ಶುರು ಮಾಡಿದ್ದು ಶಂಕರ್‌ನಾಗ್, ಯಾವ ಪ್ರಾಧಿಕಾರವೂ ಅಲ್ಲ. ಫಿಲ್ಮ್ ಸಿಟಿ ಇಲ್ಲದೆ ಕನ್ನಡ ಚಿತ್ರಗಳು ಎಲ್ಲಿ ತಯಾರಾದವು ನೋಡಿ. ‘ತಿಥಿ’ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಆ ಸೀಮೆಯ ಜನರನ್ನೇ ಹಾಕಿಕೊಂಡು. ಅದು 2015ರಲ್ಲಿ ಲೊಕಾರ್ನೊದಿಂದ ಎರಡು ಪ್ರಶಸ್ತಿ ತಂದಿತು. ‘ಕೆಜಿಎಫ್’ ಕೋಲಾರದ ಸಯನೈಡ್ ದಿಬ್ಬದ ಧೂಳಿನಲ್ಲಿ. ‘ಕಾಂತಾರ’ ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ, ನಿರ್ದೇಶಕನ ಸ್ವಂತ ಊರಿನಲ್ಲಿ. ಆ ಅರ್ಥದಲ್ಲಿ ಮುಖ್ಯಮಂತ್ರಿಗಳದೂ ರಿಷಬ್ ಶೆಟ್ಟರದೂ ಒಂದೇ ಪದ್ಧತಿ, ಇಬ್ಬರೂ ತಮ್ಮೂರನ್ನೇ ಆರಿಸುತ್ತಾರೆ. ಶೆಟ್ಟರು ಕುಂಬಳಕಾಯಿ ಒಡೆಯುತ್ತಾರೆ ಅನ್ನುವುದಷ್ಟೇ ವ್ಯತ್ಯಾಸ.

ಗಾಂಧಿನಗರದಲ್ಲಿ ನನಗೆ ಬೇಕಾದ ಒಬ್ಬ ಹಿರಿಯ ಪ್ರೊಡಕ್ಷನ್ ಮ್ಯಾನೇಜರ್ ಇದ್ದಾರೆ. ಮೊನ್ನೆ ಬೈಟು ಕಾಫಿ ಕುಡಿಯುತ್ತ ಫಿಲ್ಮ್ ಸಿಟಿಯ ಮಾತೆತ್ತಿದೆ.

“ಬರಲಿ ಬಿಡಿ ಸಾರ್, ಯಾರು ಬೇಡ ಅಂದ್ರು?” ಅಂದರು. “ಒಂದು ರೋಡಲ್ಲಿ ಎರಡು ಶಾಟ್ ತೆಗೀಬೇಕಾದ್ರೆ ನಾನು ಎಷ್ಟು ಆಫೀಸಿನ ಮೆಟ್ಟಿಲು ಹತ್ತಿ ಇಳೀತೀನಿ ಗೊತ್ತಾ? ಟ್ರಾಫಿಕ್ಕು, ಸ್ಟೇಷನ್ನು, ಕಾರ್ಪೊರೇಷನ್ನು. ಎಲ್ಲ ಮುಗಿಸಿ ಬರೋ ಹೊತ್ತಿಗೆ ಹೀರೋ ಡೇಟ್ ಮುಗಿದಿರುತ್ತೆ. ಹೆಂಗೋ ಪಿಕ್ಚರ್ ಮುಗಿಸಿದ್ರೆ ಹಾಕೋಕೆ ಥಿಯೇಟರ್ ಎಲ್ಲಿದೆ? ನೋಡಿ, ಕಪಾಲಿ ಇತ್ತಲ್ಲ ಅಲ್ಲಿ…” 2017ರಲ್ಲಿ ಕೆಡವಿದ ಥಿಯೇಟರಿನ ದಿಕ್ಕಿಗೆ ಅವರು ಈಗಲೂ ಕೈ ತೋರಿಸಿಯೇ ಮಾತಾಡುತ್ತಾರೆ.

“ಸರ್ಕಾರ ಪ್ರಶಸ್ತಿ ಕೊಡುತ್ತಲ್ಲ ಯಜಮಾನ್ರೇ.”

“ಕೊಡುತ್ತೆ, ಕೊಡುತ್ತೆ. 2021ರ ಪ್ರಶಸ್ತಿ 2025ರಲ್ಲಿ ಅನೌನ್ಸ್ ಆಯ್ತು. ಬಾಲನಟನಿಗೆ ಪ್ರಶಸ್ತಿ ಬಂದ್ರೆ ಇಸ್ಕೊಳ್ಳೋಕೆ ಮೀಸೆ ಬಿಟ್ಕೊಂಡು ಬರಬೇಕು.”

ಲೋಟ ಕೆಳಗಿಟ್ಟು ಎದ್ದವರು ಏನೋ ನೆನಪಾಗಿ ಮತ್ತೆ ಕೂತರು. ದನಿ ತಗ್ಗಿಸಿದರು.

“ಸಾರ್, ನಿಮಗೆ ವಿಧಾನಸೌಧದ ಕಡೆ ಯಾರಾದ್ರೂ ಪರಿಚಯ ಇದ್ದಾರಾ? ಒಂದು ಆಫೀಸ್ ಸೀನ್ ಇದೆ. ಹಳೇ ಫೈಲು ನೆಲದಿಂದ ಸೂರಿನ ತನಕ ರಾಶಿ ಬಿದ್ದಿರಬೇಕು, ಧೂಳು ಹಿಡಿದಿರಬೇಕು, ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ ಅನ್ನಿಸಬೇಕು. ಆರ್ಟ್ ಡೈರೆಕ್ಟರ್ ಸೆಟ್ ಹಾಕ್ತೀನಿ ಅಂತಾನೆ, ದುಡ್ಡು ಜಾಸ್ತಿ ಕೇಳ್ತಾನೆ. ಆ ಫಿಲ್ಮ್ ಸಿಟಿ ಫೈಲ್ ಇಟ್ಟಿರೋ ರೂಮು ಒಂದಿನದ ಮಟ್ಟಿಗೆ ಬಾಡಿಗೆಗೆ ಕೊಡ್ತಾರಾ, ಸ್ವಲ್ಪ ಕೇಳಿ ನೋಡಿ.”